ಡಯಾಸ್ಟಾಲಿಕ್ ತೊದಲುವುದು ನಿಂತಿತು

ಬಿಪಿ ಅಳೆಯುವವರನ್ನು ಪರೀಕ್ಷಿಸಲು ಮಾಡಿದ, ಸ್ಪೀಕರ್‌ನಿಂದ ನಾಡಿಯ ಸದ್ದು ಹೊರಡಿಸುವ ಕೃತಕ ತೋಳು ಕೊನೆಗೂ ಸರಿಯಾಗಿ ಬಡಿಯುತ್ತಿದೆ. ಅಚ್ಚು, ರಬ್ಬರ್ ಹೊದಿಕೆ, ಕಫ್‌ನ (ತೋಳಿಗೆ ಸುತ್ತುವ ಗಾಳಿಪಟ್ಟಿಯ) ನಳಿಗೆ ಟಿ-ಕನೆಕ್ಟರ್, ಇವನ್ನೆಲ್ಲ ಇಲ್ಲಿ ಬಿಟ್ಟುಬಿಡುತ್ತೇನೆ.

ಈ ತೋಳಿನ ಹುಚ್ಚು ಹಿಡಿದದ್ದು ಸಂಶೋಧನೆಯ ಕೆಲಸದಿಂದಲೇ. ಮನೆಮನೆಗೆ ಹೋಗಿ ಬಿಪಿ ಅಳೆದು ತಂದ ದಾಖಲೆ ಬಿಡಿಸಿದರೆ 120, 130, 140, ಬರೀ ಸೊನ್ನೆಗಳ ಮೆರವಣಿಗೆ. ಮಾಪಕದ ಗೆರೆಗಳು 2 ಮಿ.ಮೀ. ಅಂತರದವು, ಕೊನೆಯಂಕಿ ಸೊನ್ನೆ ಬರಬೇಕಾದದ್ದು ಹೆಚ್ಚುಕಡಿಮೆ ಐದರಲ್ಲಿ ಒಂದು ಸಲ. ನರ್ಸ್ ಕೇಳಿ ಬರೆದರೋ, ಅಂದಾಜಿಗೆ ಬರೆದರೋ? ನಿಜವಾದ ತೋಳಾದರೆ ಸರಿಯುತ್ತರ ಯಾರಿಗೂ ಗೊತ್ತಿಲ್ಲ. ನಾವೇ ಮಾಡಿದ ತೋಳಿಗೆ 134/86 ಎಂದು ನಾವೇ ಹೇಳಿಟ್ಟಿರುತ್ತೇವೆ.

ಕಫ್‌ನ ಒತ್ತಡ ಅಳೆಯುವ ಸೆನ್ಸರ್‌ನದ್ದು ಬೇರೆಯೇ ಕಥೆ. ಕೇಳಿದ್ದು 50 ಕಿಲೋಪಾಸ್ಕಲ್‌ನದು, ಅಂಗಡಿಯವರು ಕಳಿಸಿದ್ದು 10ರದ್ದು. ಅದು ಪಾದರಸದ ಲೆಕ್ಕದಲ್ಲಿ 75 ಮಿ.ಮೀ.ಗೇ ಮುಗಿಯುತ್ತದೆ. ಸಿಸ್ಟಾಲಿಕ್ (ಬಿಪಿಯ ಮೇಲಿನ ಅಂಕಿ) 75ರ ರೋಗಿಯ ಮುಂದೆ ಕೂತು ಯಾರೂ ಫಾರಂ ತುಂಬುವುದಿಲ್ಲ, ಸ್ವಾಮಿ! ದೂರಿದರೆ, ‘ಎರಡೂ ಒಂದೇ ಥರ ಕಾಣುತ್ತವಲ್ಲ’ ಎಂಬ ಉತ್ತರ.

ಇನ್ನು ಅಸಲಿ ಕಾಟ. ಕಫ್‌ನ ಗಾಳಿ ಬಿಡುತ್ತಾ ಬಂದಂತೆ ಸದ್ದು ಶುರುವಾಗಬೇಕಾದದ್ದು ಮೇಲಿನ ಅಂಕಿಗೆ, ನಿಲ್ಲಬೇಕಾದದ್ದು ಕೆಳಗಿನ ಅಂಕಿಗೆ, ಅಂದರೆ ಡಯಾಸ್ಟಾಲಿಕ್‌ಗೆ. 120/80 ಕೊಟ್ಟರೆ ಮೊದಲ ಸದ್ದು ಕರಾರುವಾಕ್ಕಾಗಿ 120ಕ್ಕೆ. ಆದರೆ ಕೆಳಗಿಳಿದು 84ರ ಸುತ್ತ ಬಂದಾಗ ‘ಟಕ್-ಟಟಕ್-ಟಕ್’ ಎಂದು ತೊದಲು. ಸಹೋದ್ಯೋಗಿಯೊಬ್ಬರು ಸ್ಟೆತಸ್ಕೋಪ್ ಕಿವಿಯಿಂದ ತೆಗೆಯದೆಯೇ ‘ಇವರಿಗೆ ಇಸಿಜಿ ಮಾಡಿಸಿ’ ಅಂದರು. ಕೋಡ್ ಜಾಲಾಡಿದೆ, ನಳಿಗಳಲ್ಲಿ ಸೋರಿಕೆ ಹುಡುಕಿದೆ. ಮೇಲೆ ಸರಿ, ಕೆಳಗೆ ಮಾತ್ರ ತಪ್ಪು ಯಾಕೆ?

ಸುಳಿವು ಅಲ್ಲೇ ಇತ್ತು. 120ಕ್ಕಿಂತ ಮೇಲೆ ಸದ್ದೇ ಇಲ್ಲ, ಹಾಗಾಗಿ ಸ್ಪೀಕರ್ ಕರೆಂಟ್ ಎಳೆಯುವುದಿಲ್ಲ. ಸದ್ದು ಶುರುವಾದ ಮೇಲೆ ಪ್ರತಿ ಬಡಿತಕ್ಕೂ, ಸೆನ್ಸರ್‌ಗೂ ಪವರ್ ಕೊಡುವ 5 ವೋಲ್ಟ್ ಲೈನ್‌ನ ವೋಲ್ಟೇಜ್ ತುಸು ಕುಸಿಯುತ್ತದೆ. ಈ ಸೆನ್ಸರ್‌ನ ಔಟ್‌ಪುಟ್ ಪವರ್‌ಗೆ ಅನುಪಾತದಲ್ಲಿ ಬದಲಾಗುವಂಥದ್ದು. ನನ್ನ ಬೋರ್ಡ್ (ತೋಳನ್ನು ನಡೆಸುವ ಪುಟ್ಟ ಕಂಪ್ಯೂಟರ್) ಅದನ್ನು ತನ್ನದೇ ಸ್ಥಿರ ರೆಫರೆನ್ಸ್ ವೋಲ್ಟೇಜ್‌ಗೆ ಹೋಲಿಸಿ ಓದುತ್ತದೆ. ಶೇ 5 ಕುಸಿದರೆ 84 ಇದ್ದದ್ದು 79 ಎಂದು ಕಾಣುತ್ತದೆ. 80ಕ್ಕಿಂತ ಕೆಳಗಾಯಿತೆಂದು ಬೋರ್ಡ್ ಸದ್ದು ನಿಲ್ಲಿಸುತ್ತದೆ, ವೋಲ್ಟೇಜ್ ಚೇತರಿಸಿಕೊಳ್ಳುತ್ತದೆ, ಮತ್ತೆ ಸದ್ದು. 120ರ ಹತ್ತಿರ ಅದು 113ಕ್ಕೆ ಇಳಿದರೂ ಇನ್ನೂ ಮಿತಿಯೊಳಗೇ, ಆದ್ದರಿಂದ ಅಲ್ಲಿ ಏನೂ ಗೊತ್ತಾಗುವುದಿಲ್ಲ.

ಕುಸಿತ ತುಂಬಿಕೊಡಲು ದೊಡ್ಡ ಕೆಪಾಸಿಟರ್ ಹಾಕಿದರೆ ತೊದಲು ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಸ್ಪೀಕರ್‌ನ ಆಂಪ್ಲಿಫೈಯರ್‌ಗೆ ಬೇರೆ ಪವರ್ ಕೊಟ್ಟು, ಗ್ರೌಂಡ್ ಮಾತ್ರ ಕೂಡಿಸಿ, ಸೆನ್ಸರ್‌ನ ಪವರ್ ವೋಲ್ಟೇಜನ್ನೂ ಓದಿ ಅದರಿಂದ ಭಾಗಿಸಿದ ಮೇಲೆ ಕಾಟ ತೀರಿತು.

ನಡುವೆ ತಲೆ ಹೊಕ್ಕಿರುವುದು ಫ್ಲಾರೆನ್ಸ್ ನೈಟಿಂಗೇಲ್‌ರ 1858ರ ಗುಲಾಬಿ ನಕ್ಷೆ, ಕ್ರಿಮಿಯನ್ ಯುದ್ಧದ ಬ್ರಿಟಿಷ್ ಸೈನಿಕರ ಸಾವುಗಳನ್ನು ಎಸಳುಗಳಾಗಿ ತೋರಿಸಿದ ಚಿತ್ರ. ಪ್ಲೈವುಡ್‌ನಲ್ಲಿ ಕೊರೆಯಬೇಕು. 1855ರ ಜನವರಿಯಲ್ಲಿ ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರು 2,761, ಗಾಯಗಳಿಂದ 83. ಅಂದರೆ 33 ಪಟ್ಟು. ಆದರೆ ಎಸಳಿನ ಲೆಕ್ಕ ವಿಸ್ತೀರ್ಣದ್ದು, ತ್ರಿಜ್ಯ ಆರು ಪಟ್ಟೂ ಇರಬಾರದು. ವರ್ಗಮೂಲ ಮರೆತು ಕೊರೆದರೆ ಹಲಗೆಯೇ ಸಾಲದು.

ಅದಕ್ಕೂ ಮೊದಲು ತೋಳಿಗೆ ಆಸ್ಕಲ್ಟೇಟರಿ ಗ್ಯಾಪ್ (ಶುರುವಾದ ಸದ್ದು ನಡುವೆ ನಿಂತು, ಇನ್ನೂ ಕೆಳಗೆ ಮತ್ತೆ ಕೇಳಿಸುವುದು) ಸೇರಿಸಬೇಕು. ನಾಡಿ ಮುಟ್ಟಿ ನೋಡದೆ ನೇರ ಕಫ್ ಏರಿಸಿ, ಗ್ಯಾಪ್‌ನ ಕೆಳಗಿನ ಸದ್ದನ್ನೇ ಮೊದಲ ಸದ್ದೆಂದುಕೊಳ್ಳುವವರು ಸಿಕ್ಕಿಬೀಳುವುದೇ ಅಲ್ಲಿ. ಮಣಿಕಟ್ಟಿನಲ್ಲಿ ನಾಡಿ ಮಿಡಿಯಲು ಸಣ್ಣ ಸೊಲೆನಾಯ್ಡ್ (ಕರೆಂಟ್ ಕೊಟ್ಟಾಗ ಕಡ್ಡಿಯನ್ನು ತಳ್ಳುವ ತಂತಿಸುರುಳಿ) ಆರ್ಡರ್ ಮಾಡಿದ್ದೇನೆ, ಬೇರೆ ಅಂಗಡಿಯಿಂದ. ಅದಕ್ಕಂತೂ ಶುರುವಿನಿಂದಲೇ ಪ್ರತ್ಯೇಕ ಪವರ್.