ಪೇತ್ರ ಬೇಡ ಅಂದದ್ದು ಯಾಕೆ

ಶಿಲುಬೆಗೇರುವ ಹಿಂದಿನ ರಾತ್ರಿ, ಕಡೆಯ ಭೋಜನದ ನಡುವೆ ಯೇಸುಸ್ವಾಮಿ ಎದ್ದು, ಮೇಲುಡುಪು ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯಲು ಕೂರುತ್ತಾರೆ. ಅವರನ್ನು ಹಿಡಿದುಕೊಟ್ಟ ಯೂದನೂ ಅಲ್ಲೇ ಇದ್ದ. ಅವನು ಬೇಡ ಅಂದದ್ದು ಎಲ್ಲೂ ಬರೆದಿಲ್ಲ. ಬೇಡ ಅಂದವನು ಪೇತ್ರ. ನೀವು ನನ್ನ ಕಾಲು ತೊಳೆಯುವುದೇ, ಎಂದಿಗೂ ಕೂಡದು ಅಂದ. ಎಷ್ಟು ವಿನಯ ಅಲ್ವಾ? ಸ್ವಾಮಿ ಮೆಚ್ಚಲಿಲ್ಲ. ತೊಳೆಯದಿದ್ದರೆ ನನ್ನೊಡನೆ ನಿನಗೆ ಪಾಲಿಲ್ಲ ಅಂದುಬಿಟ್ಟರು. ತಕ್ಷಣ ಪೇತ್ರ, ಹಾಗಾದರೆ ಕೈ, ತಲೆ ಎಲ್ಲವನ್ನೂ ತೊಳೆಯಿರಿ ಅನ್ನುತ್ತಾನೆ.

ಆ ರಾತ್ರಿಯನ್ನು ನೆನೆಯುವ ಪವಿತ್ರ ಗುರುವಾರ ಪ್ರತಿ ವರ್ಷ ಚರ್ಚಿನಲ್ಲಿ ಕೇಳುವ ಬೈಬಲಿನ ಶುಭಸಂದೇಶ ಇದು. ಈ ಸಲ ಪಾದ ತೊಳೆಸಿಕೊಳ್ಳುವ ಹನ್ನೆರಡು ಜನರ ಸಾಲಿನಲ್ಲಿ ನನ್ನನ್ನೂ ಕೂರಿಸಿದರು. ಬಲಗಾಲಿನ ಮೇಲೆ ನೀರು ಬಿದ್ದದ್ದೇ ಮೈ ಜುಮ್ಮೆಂದಿತು. ಆಮೇಲೆ ಟವೆಲ್. ವಯಸ್ಸಾದ ಗುರುಗಳು ಮಂಡಿಯೂರಿ, ಒಂದೊಂದೇ ಬೆರಳ ಸಂದಿ ಬಿಡಿಸಿ ಒರೆಸಿದರು. ಅವಸರವೇ ಇಲ್ಲ. ಅವರ ಎಡಗೈ ನನ್ನ ಹಿಮ್ಮಡಿಯನ್ನು ಹಿಡಿದಿತ್ತು. ಒಡೆದ ಹಿಮ್ಮಡಿ. ಸಾಕು ಫಾದರ್, ಬಿಡಿ ಅನ್ನಬೇಕೆಂದು ಬಾಯಿಗೆ ಬಂತು. ಉಳಿದ ಬಲಿಪೂಜೆ ಹೇಗೆ ಮುಗಿಯಿತೋ ಗೊತ್ತಿಲ್ಲ. ಹಿಮ್ಮಡಿಯಲ್ಲಿ ಆ ಕೈಯ ಬಿಸುಪು ರಾತ್ರಿವರೆಗೂ ಇತ್ತು.

ಪೇತ್ರನಿಗೆ ಆದದ್ದೂ ಇದೇ ಇರಬೇಕು. ಮೊದಲು ಏನೂ ಬೇಡ ಅಂದ, ಆಮೇಲೆ ಎಲ್ಲವೂ ಬೇಕು ಅಂದ. ಎರಡು ಸಲವೂ ಎಷ್ಟು ಅಂತ ತೀರ್ಮಾನಿಸಿದವನು ಅವನೇ. ಹೇಳಿದಷ್ಟಕ್ಕೆ ಕಾಲು ಚಾಚಿ ಸುಮ್ನೆ ಕೂರುವುದು ಅವನಿಂದ ಆಗಲಿಲ್ಲ.

ಈಸ್ಟರ್‌ಗೆ ಮುಂಚಿನ ನಮ್ಮ ತಪಸ್ಸು ಕಾಲವೂ ಹಾಗೇ ನಡೆಯುತ್ತಿದೆ. 40 ದಿನ ಮಾಂಸ ಬಿಡುತ್ತೇವೆ, ಸಿಹಿ ಬಿಡುತ್ತೇವೆ, ಸೀರಿಯಲ್ ಬಿಡುತ್ತೇವೆ. ಏನು ಬಿಡಬೇಕು ಅಂತ ಆರಿಸುವವರು ನಾವೇ. ಮುಗಿಯುವ ದಿನವೂ ಮೊದಲೇ ಗೊತ್ತು. ಈಗಂತೂ ಬಿಟ್ಟದ್ದನ್ನು ಸ್ಟೇಟಸ್‌ಗೆ ಹಾಕುವುದು ಜಾಸ್ತಿಯಾಗಿದೆ. ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊ, ಯಾರಿಗೂ ಗೊತ್ತಾಗುವುದು ಬೇಡ ಅಂತ ಮೊದಲ ದಿನ, ಹಣೆಗೆ ಬೂದಿ ಇಡುವ ವಿಭೂತಿ ಬುಧವಾರವೇ ಓದಿರುತ್ತಾರೆ. ಹಣೆಯ ಬೂದಿ ಅಳಿಸುವ ಮೊದಲೇ ಮರೆತಿರುತ್ತೇವೆ.

ಅಜ್ಜಿ ತಪಸ್ಸು ಕಾಲಕ್ಕೆಂದು ವಿಶೇಷವಾಗಿ ಏನಾದರೂ ಬಿಟ್ಟದ್ದನ್ನು ನಾನು ನೋಡಿಲ್ಲ. ಅವಳ ಜಪಸರದಲ್ಲಿ ಯಾವಾಗಲೂ ಒಂದು ಸೇಫ್ಟಿ ಪಿನ್ ಇರುತ್ತಿತ್ತು. ಜಪದ ನಡುವೆ ಯಾರಾದರೂ ಕರೆದರೆ, ಬೆರಳು ನಿಂತ ಮಣಿಯ ಪಕ್ಕಕ್ಕೆ ಪಿನ್ ಸಿಕ್ಕಿಸಿ ಎದ್ದು ಹೋಗುತ್ತಿದ್ದಳು. ಬಂದು ಅದೇ ಮಣಿಯಿಂದ ಶುರು. ಪ್ರಾರ್ಥನೆ ಅರ್ಧಕ್ಕೆ ನಿಲ್ಲಿಸಬಹುದಾ ಅಜ್ಜಿ ಅಂದರೆ, “ದೇವರು ಕಾಯ್ತಾನೆ ಕಣೋ, ಹಸಿದ ಮಗು ಕಾಯಲ್ಲ” ಅನ್ನುತ್ತಿದ್ದಳು. ಅವಳ ಪ್ರಾರ್ಥನೆ ಕೂಡ ಅವಳ ಇಷ್ಟದಂತೆ ಸಾಗುತ್ತಿರಲಿಲ್ಲ. ದಿನಾಲೂ ಶಿಲುಬೆ ಹೊತ್ತು ಹಿಂಬಾಲಿಸಬೇಕು ಅಂತ ಲೂಕ ತನ್ನ ಶುಭಸಂದೇಶದಲ್ಲಿ ಬರೆದದ್ದನ್ನು ಓದುವಾಗ ನನಗೆ ಆ ಪಿನ್ನೇ ನೆನಪಾಗುತ್ತದೆ.

6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠವಾಸಿಗಳಿಗೆ ಬರೆದ ನಿಯಮದಲ್ಲೂ ಇಂಥದ್ದೇ ಸಣ್ಣ ಕೆಲಸಗಳಿವೆ. ಅಡುಗೆಮನೆಯ ವಾರದ ಸರದಿ ಮುಗಿಸಿದವನು ಶನಿವಾರ ಟವೆಲ್ಲುಗಳನ್ನು ಒಗೆಯಬೇಕು. ಅವನೂ ಮುಂದಿನ ವಾರದವನೂ ಸೇರಿ ಎಲ್ಲರ ಕಾಲು ತೊಳೆಯಬೇಕು. ಪಾತ್ರೆಗಳನ್ನು ಶುಚಿ ಮಾಡಿ ಉಗ್ರಾಣದವನಿಗೆ ಒಪ್ಪಿಸಬೇಕು. ಸ್ಟೇಟಸ್‌ಗೆ ಹಾಕುವಂಥದ್ದು ಇದರಲ್ಲಿ ಏನಿದೆ ಹೇಳಿ?

ಇನ್ನೊಂದು ಮಾತು. ವಿಧೇಯತೆಯ ಹೆಸರಿನಲ್ಲಿ ಬಾಯಿ ಮುಚ್ಚಿಸುವವರೂ ಇದ್ದಾರೆ, ಅದರಲ್ಲೂ ಮನೆಯ ಹೆಂಗಸರ ಬಾಯಿ. ನೋವು ಹೇಳಿಕೊಂಡರೆ, ಅದು ನಿನ್ನ ಶಿಲುಬೆ, ಹೊರು ಅನ್ನುತ್ತಾರೆ. ಸ್ವಾಮಿ ತಮ್ಮ ಪ್ರಾಣವನ್ನು ತಾವಾಗಿ ಕೊಟ್ಟರು, ಇನ್ನೊಬ್ಬರದನ್ನು ಕೇಳಿ ಕೊಡಿಸಲಿಲ್ಲ. ಸೆರೆಯಾಗುವ ಮುಂಚೆ ಗೆತ್ಸೆಮನಿ ತೋಟದಲ್ಲಿ ದೇವರಿಗೆ ನಿಮ್ಮ ಚಿತ್ತದಂತೆಯೇ ಆಗಲಿ ಅನ್ನುವ ಮೊದಲು, ಸಾಧ್ಯವಾದರೆ ಈ ಸಂಕಟದ ಪಾತ್ರೆ ನನ್ನಿಂದ ದೂರವಾಗಲಿ ಅಂತ ಬೇಡಿಕೊಂಡರು. ಒಮ್ಮೆಯಲ್ಲ, ಮೂರು ಸಲ ಹೋಗಿ ಪ್ರಾರ್ಥಿಸಿದರು ಅಂತ ಮತ್ತಾಯ ಬರೆದಿದ್ದಾನೆ. ಇನ್ನೊಬ್ಬರ ಹೆಗಲಿಗೆ ಶಿಲುಬೆ ಏರಿಸುವವರು ಆ ಭಾಗ ಓದಿ ಹೇಳಿದ್ದನ್ನು ಮಾತ್ರ ನಾನು ಇವತ್ತಿನವರೆಗೂ ಕೇಳಿಲ್ಲ.