ಸೋಲುವ ಕೇಸಿಗೆ ಯಾಕೆ ವಕಾಲತ್ತು?

"ಸರ್ಕಾರದ ಎದುರು ಗೆಲ್ಲುವುದುಂಟೇ ಮಾರಾಯರೇ? ಸುಮ್ಮನೆ ಯಾಕೆ ಅರ್ಜಿ ಹಾಕುತ್ತೀರಿ?" ಮಂಗಳೂರಿನ ನ್ಯಾಯಾಲಯದ ಮೆಟ್ಟಿಲಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ನನ್ನನ್ನು ಎಲ್ಲರೂ ಕೇಳುವುದು ಇದನ್ನೇ. ಸಭೆಗೆ ಅನುಮತಿ ನಿರಾಕರಿಸಿದಾಗ, ಬರೆದದ್ದಕ್ಕಾಗಿ ಹುಡುಗರನ್ನು ಠಾಣೆಗೆ ಎಳೆದೊಯ್ದಾಗ ವಕಾಲತ್ತು ಹಾಕುವವರಲ್ಲಿ ನಾನೂ ಒಬ್ಬ.

ನನ್ನ ಉತ್ತರ ಪಕ್ಕದ ಕಾಸರಗೋಡಿನ ಎಡನೀರಿನಿಂದ ಶುರುವಾಗುತ್ತದೆ. 1970ರಲ್ಲಿ ಅಲ್ಲಿನ ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಕೇರಳದ ಭೂಸುಧಾರಣೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. (ಭೂಮಿ ಉಳುವವನಿಗೆ ಸಿಗಬೇಕು ಎನ್ನುವ ನಾನು ಆ ವಿಷಯದಲ್ಲಿ ಮಠದ ಕಡೆಯವನಲ್ಲ.) 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. ಸ್ವಾಮೀಜಿಗೆ ಜಮೀನು ಮರಳಲಿಲ್ಲ. ಆದರೆ ಎಷ್ಟೇ ಬಹುಮತವಿದ್ದರೂ ಸಂಸತ್ತು ಸಂವಿಧಾನದ ಮೂಲ ಸಂರಚನೆಯನ್ನು, ಎಂದರೆ ಅದು ನಿಂತಿರುವ ಬುನಾದಿಯನ್ನು, ಕೆಡವುವ ಹಾಗಿಲ್ಲ ಎಂದು 1973ರ ಏಪ್ರಿಲ್ 24ರಂದು ತೀರ್ಪಾಯಿತು, 7–6ರ ಅಂತರದಲ್ಲಿ. ಆ ಏಳು ಮಂದಿಯಲ್ಲಿ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆಯವರೂ ಒಬ್ಬರು. ಮರುದಿನವೇ ಸರ್ಕಾರ ಅವರನ್ನೂ ಇನ್ನಿಬ್ಬರು ಹಿರಿಯರನ್ನೂ ಬದಿಗಿಟ್ಟು ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಸ್ವಾಮೀಜಿ ಜಮೀನು ಕಳೆದುಕೊಂಡರು, ಹೆಗ್ಡೆಯವರು ಪದವಿ ಕಳೆದುಕೊಂಡರು. 1975ರ ನವೆಂಬರಿನಲ್ಲಿ, ತುರ್ತು ಪರಿಸ್ಥಿತಿಯ ನಡುವೆಯೇ, ಪ್ರಧಾನಿಯ ಚುನಾವಣೆಯನ್ನು ಕೋರ್ಟು ಮುಟ್ಟಬಾರದೆಂಬ ತಿದ್ದುಪಡಿ ಬಿದ್ದುಹೋದದ್ದು ಅದೇ ತೀರ್ಪಿನ ಬಲದಿಂದ.

ಬೆಳ್ತಂಗಡಿಯ ಕುತ್ಲೂರಿನ ವಿಠಲ ಮಲೆಕುಡಿಯರನ್ನು 2012ರಲ್ಲಿ, ಪತ್ರಿಕೋದ್ಯಮ ವಿದ್ಯಾರ್ಥಿಯಾಗಿದ್ದಾಗ, ತಂದೆಯೊಂದಿಗೆ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಅಡಿ ಬಂಧಿಸಿದರು. ಸಾಕ್ಷ್ಯವೆಂದು ತೋರಿಸಿದ್ದರಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವೂ ಇತ್ತು. ಕೋಳ ತೊಡಿಸಿಯೇ ಪರೀಕ್ಷೆಗೆ ತಂದರು. ಖುಲಾಸೆಯಾದದ್ದು 2021ರಲ್ಲಿ. ಅಷ್ಟರೊಳಗೆ ರಾಜ್ಯದಲ್ಲಿ ಪಕ್ಷಗಳು ಬಂದವು, ಹೋದವು; ಕೇಸು ಮಾತ್ರ ಹಾಗೆಯೇ ನಡೆಯಿತು. ಇದನ್ನು ಗೆಲುವು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅದಕ್ಕಾಗಿಯೇ ನಾನು ಬಂಧನದ ಮೊದಲ ರಾತ್ರಿಯ ಮೇಲೆ ಹಠ ಹಿಡಿಯುತ್ತೇನೆ. "ವಿಚಾರಿಸಿ ಬಿಡುತ್ತೇವೆ" ಎಂದು ಮನೆಯವರನ್ನು ಕರೆದೊಯ್ದರೆ ಅರೆಸ್ಟ್ ಮೆಮೊ, ಎಂದರೆ ಬಂಧನದ ವಿವರ ಬರೆದ ಕಾಗದ, ಕೇಳಿ. ಬಂಧಿಸಿದ ಸಮಯ, ಸಾಕ್ಷಿಯ ಸಹಿ ಅದರಲ್ಲಿರಬೇಕೆಂದು ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪು ಹೇಳಿದೆ. 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಎದುರು ತರಬೇಕೆನ್ನುತ್ತದೆ ಸಂವಿಧಾನದ 22ನೇ ವಿಧಿ. ಸಮಯವನ್ನೇ ಬರೆಯದಿದ್ದರೆ ಆ ಗಂಟೆಗಳನ್ನು ಎಲ್ಲಿಂದ ಎಣಿಸುವುದು?

ಕಳೆದ ಆಟಿ ತಿಂಗಳ ಮಳೆಯಲ್ಲಿ ಒಬ್ಬ ತಾಯಿ ರಾತ್ರಿ ಎರಡು ಗಂಟೆಯವರೆಗೆ ಠಾಣೆಯ ಜಗಲಿಯಲ್ಲಿ ನಿಂತು ಆ ಕಾಗದ ಪಡೆದರು. ಮರುದಿನ ಮಧ್ಯಾಹ್ನ ಮಗನನ್ನು ಮ್ಯಾಜಿಸ್ಟ್ರೇಟರ ಎದುರು ತಂದರು. ಅಂದು ಜಾಮೀನು ಸಿಗಲಿಲ್ಲ. ಹುಡುಗನ ಮೈಮೇಲೆ ಒಂದು ಏಟಿನ ಗುರುತೂ ಇರಲಿಲ್ಲ.