ಯಾರಿಗೂ ನೋವಾಗದ ಹಾಗೆ ನಗಿಸಕ್ಕಾಗಲ್ವಾ?

ಲಘು ಬರಹ ಬರೆಯುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು ಕೇಳುತ್ತಾರೆ, ಓದುಗರು ಮೆಸೇಜ್ ಹಾಕಿ ಕೇಳುತ್ತಾರೆ. "ನೀವು ಬರೆಯೋದೆಲ್ಲ ಚೆನ್ನಾಗಿರುತ್ತೆ. ಆದ್ರೆ ಯಾರಿಗೂ ನೋವಾಗದ ಹಾಗೆ ನಗಿಸಕ್ಕಾಗಲ್ವಾ?" ಕೇಳುವ ಧಾಟಿಯಲ್ಲೇ ಗೊತ್ತಾಗುತ್ತದೆ, ಯಾವುದೋ ಒಂದು ಬರಹ ಅವರಿಗೇ ತಗುಲಿದೆ ಅಂತ.

ನನ್ನ ಉತ್ತರ ಚಿಕ್ಕದು. ಆಗಲ್ಲ. ಮಾತಿನ ಚಮತ್ಕಾರ, ಮಕ್ಕಳ ಜೋಕು ಇವುಗಳಲ್ಲಿ ಆಗಬಹುದು. ಮನುಷ್ಯರ ಬಗ್ಗೆ ನಗಬೇಕು ಅಂದರೆ ಯಾರಿಗಾದರೂ ಚುಚ್ಚಿಯೇ ಚುಚ್ಚುತ್ತದೆ. ನಾನು ನೋಡುವುದು ಬೇರೆ: ನಗುವವನಿಗೆ ತಾನು ಯಾರನ್ನು ನೋಡಿ ನಗುತ್ತಿದ್ದೇನೆ ಅಂತ ಗೊತ್ತಿದೆಯಾ?

ವಿರಾಟಪರ್ವದ ಉತ್ತರಕುಮಾರನನ್ನೇ ತೆಗೆದುಕೊಳ್ಳಿ. ಮಳೆ ಬರಲಿಲ್ಲ ಅಂದರೆ ನಮ್ಮ ಕಡೆ ವಿರಾಟಪರ್ವ ಓದಿಸುವ ಪದ್ಧತಿ ಇದೆ. ಮಳೆಯ ಮಾತು ಹಾಗಿರಲಿ, ಗಮಕಿಗಳು ಕುಮಾರವ್ಯಾಸನನ್ನು ಹಾಡುವಾಗ ಜನ ಈ ಭಾಗಕ್ಕೇ ಕಾದು ಕೂತಿರುತ್ತಾರೆ. ಅಪ್ಪ ವಿರಾಟ ಒಂದು ಕಡೆ ಯುದ್ಧಕ್ಕೆ ಹೋಗಿದ್ದಾನೆ. ಇನ್ನೊಂದು ಕಡೆಯಿಂದ ಕೌರವರು ಬಂದು ದನ ಹೊಡೆದುಕೊಂಡು ಹೋಗುತ್ತಿದ್ದಾರೆ. ಗೊಲ್ಲರು ಓಡಿಬಂದು ಸುದ್ದಿ ಹೇಳಿದಾಗ ಉತ್ತರ ಇರುವುದು ಹೆಂಗಸರ ನಡುವೆ. ಭೀಷ್ಮನೇನು, ದ್ರೋಣನೇನು, ಕರ್ಣನೇನು, ಎಲ್ಲರನ್ನೂ ಬಡಿದುಬಿಡುತ್ತಿದ್ದೆ, ಆದರೆ ಏನು ಮಾಡಲಿ, ಒಬ್ಬ ಒಳ್ಳೆ ಸಾರಥಿ ಇಲ್ಲ ಅನ್ನುತ್ತಾನೆ. ಪಾಪ, ಸಾರಥಿ ಸಿಕ್ಕೇಬಿಡುತ್ತಾನೆ! ಬೃಹನ್ನಳೆಯ ವೇಷದಲ್ಲಿರುವ ಅರ್ಜುನ. ಹೊರಡುವ ಮುಂಚೆ ತಂಗಿ ಉತ್ತರೆಯ ಕಡೆಯಿಂದ ಒಂದು ಬೇಡಿಕೆ: ಗೆದ್ದ ಮೇಲೆ ಆ ಕೌರವರ ಚಂದದ ಬಟ್ಟೆ ತನ್ನಿ, ಗೊಂಬೆಗೆ ಉಡಿಸಬೇಕು.

ಕೌರವರ ಸೇನೆ ಕಂಡದ್ದೇ ತಡ, ಉತ್ತರ ರಥದಿಂದ ಧುಮುಕಿ ಓಟ ಕೀಳುತ್ತಾನೆ. ಕೇಳುತ್ತಾ ಕೂತವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಯಾಕೆ ಅಂದರೆ ಅವರಿಗೆ ಈ ಉತ್ತರಕುಮಾರ ಚೆನ್ನಾಗಿ ಗೊತ್ತು. ಪ್ರತಿ ಮನೆಯಲ್ಲೂ, ಪ್ರತಿ ಆಫೀಸಿನಲ್ಲೂ ಒಬ್ಬ ಇದ್ದಾನೆ. ಕೆಲವರಿಗೆ ಕನ್ನಡಿಯಲ್ಲೇ ಸಿಗುತ್ತಾನೆ. ಒಲೆ ಮುಂದಿನ ಪೌರುಷ ಅಂತ ಸುಮ್ನೆ ಹೇಳುತ್ತಾರಾ?

ಆದರೆ ಅದೇ ಜಾಗದಲ್ಲಿ ಇನ್ನೊಂದು ನಗು ಇದೆ. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ವ್ಯಾಸಭಾರತದಲ್ಲಿ ಬರುವ ವಿವರ ಇದು. ಓಡುವ ಉತ್ತರನನ್ನು ಹಿಡಿಯಲು ಬೃಹನ್ನಳೆ ಹಿಂದೆಯೇ ಓಡುತ್ತಾನೆ. ಉದ್ದ ಜಡೆ ಬೀಸುತ್ತಿದೆ, ಕೆಂಪು ಬಟ್ಟೆ ಹಾರುತ್ತಿದೆ. ಅದನ್ನು ನೋಡಿ ಕೌರವರ ಕಡೆಯ ಕೆಲವು ಸೈನಿಕರು ನಗುತ್ತಾರೆ. ಅವರು ನಕ್ಕದ್ದು ವೇಷ ನೋಡಿ. ಒಳಗಿರುವವನು ಯಾರು ಅಂತ ಗೊತ್ತಿಲ್ಲ. ಆಮೇಲೆ ಅರ್ಜುನ ಸಮ್ಮೋಹನಾಸ್ತ್ರ ಬಿಟ್ಟು ಕೌರವ ಸೇನೆಯ ಎಚ್ಚರ ತಪ್ಪಿಸಿದ. ಗೊಂಬೆಗೆ ಬೇಕಾದ ಬಟ್ಟೆಯನ್ನು ಅವರ ನಾಯಕರ ಮೈಮೇಲಿಂದಲೇ ಬಿಚ್ಚಿ ತಂದವನು ಬೇರೆ ಯಾರೂ ಅಲ್ಲ, ಅದೇ ಉತ್ತರ.

ಗಂಡಸು ಸೀರೆ ಉಟ್ಟು ಸ್ಟೇಜಿಗೆ ಬಂದ ಅಷ್ಟಕ್ಕೇ ಟೀವಿಯಲ್ಲಿ ನಗು ಏಳುತ್ತದಲ್ಲ, ಆಗೆಲ್ಲ ನನಗೆ ಆ ಸೈನಿಕರ ನೆನಪಾಗುತ್ತದೆ. ದಪ್ಪಗಿರುವವರ ಮೇಲೆ, ಕಪ್ಪಗಿರುವವರ ಮೇಲೆ, ತೊದಲುವವರ ಮೇಲೆ ಮಾಡುವ ಜೋಕೂ ಇದೇ ಜಾತಿ. ಧಾರವಾಡದವರ ಹಾಗೆ, ಮಂಗಳೂರಿನವರ ಹಾಗೆ ಮಾತಾಡಿ ನಗಿಸುವುದೂ ಅಷ್ಟೇ, ಅಲ್ಲಿನವರಲ್ಲದವರು ಮಾಡಿದರೆ. ಇವುಗಳ ಮೇಲೆ ನನ್ನ ಮೊದಲ ತಕರಾರು ನೋವಾಗುತ್ತದೆ ಅನ್ನುವುದೂ ಅಲ್ಲ. ಹಳಸಲು. ಬರೆದವನಿಗೆ ಆ ಮನುಷ್ಯನ ಬಗ್ಗೆ ಏನೂ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಮನಸ್ಸೂ ಇಲ್ಲ.

ಟಿ.ಪಿ. ಕೈಲಾಸಂ ಯಾರನ್ನು ನೋಡಿ ನಕ್ಕರು? ತಮ್ಮವರನ್ನೇ. ಅವರ ಅಪ್ಪ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು. ಕೈಲಾಸಂ ಲಂಡನ್ನಿಗೆ ಹೋಗಿ ಭೂವಿಜ್ಞಾನ ಓದಿ ಬಂದವರು. ಅವರ ನಾಟಕದಲ್ಲಿ ಬರುವವರು ಯಾರು ಅಂದರೆ ಬರೀ ಜಂಬದಲ್ಲೇ ಬದುಕುವ ಲಾಯರ್ ಅಹೋಬ್ಲು, ಪರೀಕ್ಷೆಯಲ್ಲಿ ಮುಂದೆ ಇದ್ದು ಬದುಕಿನಲ್ಲಿ ಟೊಳ್ಳಾದ ಹುಡುಗ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಮಾತಾಡುವ ಜನ. ನಾಟಕ ನೋಡಲು ಬಂದು ಕುರ್ಚಿಯಲ್ಲಿ ಕೂತವರೂ ಅವರೇ. ಇಂಗ್ಲಿಷ್ ಬೆರೆಸಿ ಮಾತಾಡುವವರನ್ನು ಗೇಲಿ ಮಾಡಿದ ಕೈಲಾಸಂ ತಾವೂ ಹಾಗೇ ಮಾತಾಡುತ್ತಿದ್ದರು. ಅದಕ್ಕೇ ಆ ಮಾತಿನ ಲಯ ಅಷ್ಟು ಕರಾರುವಾಕ್ಕಾಗಿ ಬಂತು. ಹಾಸ್ಯ ದೊಡ್ಡ ಸಾಹಿತ್ಯವಾ ಅಂತ ಮೂಗು ಮುರಿಯುವವರಿಗೆ ಒಂದು ಮಾತು: 1945ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಇದೇ ಪ್ರಹಸನದ ಕೈಲಾಸಂ ಅಧ್ಯಕ್ಷರು.

ಹಾಸ್ಯ ಪತ್ರಿಕೆ 'ಕೊರವಂಜಿ'ಯೂ ಹಾಗೇ. 1942ರಲ್ಲಿ ಅದನ್ನು ಶುರು ಮಾಡಿದ ರಾಶಿ, ಅಂದರೆ ಎಂ. ಶಿವರಾಂ, ವೃತ್ತಿಯಿಂದ ಡಾಕ್ಟರು. ಇಪ್ಪತ್ತೈದು ವರ್ಷ ನಡೆಯಿತು. ಆರ್.ಕೆ. ಲಕ್ಷ್ಮಣ್ ದೊಡ್ಡ ಹೆಸರಾಗುವ ಮುಂಚೆ ಅದಕ್ಕೆ ಚಿತ್ರ ಬರೆದಿದ್ದರು. ನನಗೆ ಅದರಲ್ಲಿ ಮುಖ್ಯ ಅನಿಸುವುದು ಟಿ. ಸುನಂದಮ್ಮ. ಗಂಡಸರು ಹೆಂಡತಿ ಜೋಕು ಹೇಳಿಕೊಂಡು ಆರಾಮಾಗಿದ್ದ ಕಾಲದಲ್ಲಿ ಈ ಹೆಂಗಸು ಮನೆಯೊಳಗಿನಿಂದಲೇ ಬರೆದರು. ಒಳಗಿನವರು ಪೆನ್ನು ಹಿಡಿದರೆ ಕಥೆಯೇ ಬೇರೆ. ಹೆಂಡತಿ ಜೋಕಿನ ಹೆಂಡತಿಗೆ ಮುಖ ಇಲ್ಲ, ಹೆಸರಿಲ್ಲ, ಒಂದು ಬಾಯಿ ಮತ್ತು ಲಟ್ಟಣಿಗೆ ಮಾತ್ರ. ಅದನ್ನೇ ಹಾಸ್ಯೋತ್ಸವಗಳಲ್ಲಿ ಇವತ್ತೂ ಹೇಳುತ್ತಾರೆ, ಜನ ನಗುತ್ತಾರೆ ಕೂಡ. ನಾನಂತೂ ಆ ಹೊತ್ತಿಗೆ ಕಾಫಿಗೆ ಏಳುತ್ತೇನೆ.

"ಹಾಗಾದ್ರೆ ದೇವರ ಮೇಲೆ?" ಅಂತ ಅಡ್ಡ ಪ್ರಶ್ನೆ ಬರುತ್ತದೆ. ದಾಸರ ನಿಂದಾಸ್ತುತಿ ಕೇಳಿಲ್ವಾ ಅಂತೀನಿ. "ನಿನ್ಯಾಕೋ ನಿನ್ನ ಹಂಗ್ಯಾಕೋ" ಅಂತ ವಿಠಲನಿಗೇ ಪುರಂದರದಾಸರು ಹೇಳಿದ್ದನ್ನು ಭಜನೆಯಲ್ಲಿ ತಾಳ ಹಾಕಿ ಹಾಡುತ್ತೇವೆ. ದಿನಾ ಜೊತೆಯಲ್ಲಿ ಇರುವವರಿಗೆ ಆ ಸಲಿಗೆ ಇರುತ್ತದೆ. ಬೇರೆಯವರ ದೇವರ ಮೇಲೆ ಅದೇ ಮಾತು ಆಡಿದರೆ ಅದು ಸಲಿಗೆ ಅಲ್ಲ.

ಇಷ್ಟೆಲ್ಲ ನಕ್ಕು ಏನು ಬದಲಾಯಿತು ಅಂತಲೂ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ಸಾವಿರಾರು ಪ್ರಯೋಗ ಕಂಡಿತು. ನಾಟಕದ ನಡುವೆ ಮಾತು ಆ ಹೊತ್ತಿನ ರಾಜಕಾರಣಕ್ಕೆ ತಿರುಗಿಬಿಡುತ್ತಿತ್ತು, ಮಂತ್ರಿ ಅಧಿಕಾರಿ ಯಾರನ್ನೂ ಬಿಡುತ್ತಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಲಂಚ ನಿಂತಿತಾ? ಇಲ್ಲ. ನಾಟಕದಿಂದ ಲಂಚ ನಿಲ್ಲುವ ಹಾಗಿದ್ದರೆ ಲೋಕಾಯುಕ್ತರ ಬದಲು ಕಂಪನಿ ನಾಟಕದವರನ್ನೇ ನೇಮಿಸಬಹುದಿತ್ತು. ಆದರೆ ಕೌಂಟರಿನ ಈಚೆ ಕಡೆ ಅರ್ಜಿ ಹಿಡಿದು ನಿಂತವನಿಗೆ, ಇದು ನನ್ನೊಬ್ಬನ ಹಣೆಬರಹ ಅಲ್ಲ, ಇಡೀ ಊರಿಗೇ ಗೊತ್ತಿರುವ ವಿಷಯ ಅಂತ ಅನಿಸಿತಲ್ಲ, ಅದು ನನಗೆ ಕಮ್ಮಿ ಅನಿಸುವುದಿಲ್ಲ.

ನೋವಿನ ಮಾತಿಗೆ ಬಂದರೆ, ನನ್ನ ಬರಹದಲ್ಲಿ ಪದೇ ಪದೇ ಸಿಕ್ಕಿಬೀಳುವವರು ನಮ್ಮ ಸೋದರಮಾವ. ಯಾರ ಮನೆಗೆ ಹೋದರೂ ಫ್ಯಾನು, ನಲ್ಲಿ, ಮಿಕ್ಸಿ ಏನಾದರೂ ರಿಪೇರಿಗೆ ಬಿಚ್ಚಿ ಕೂರುತ್ತಾರೆ. ಮುಚ್ಚಲು ಎಲೆಕ್ಟ್ರಿಷಿಯನ್ ಬರಬೇಕು. ಅದನ್ನೇ ಬರೆದಿದ್ದೆ. ಓದಿದ ದಿನವೇ ಫೋನು ಬಂತು. ಬೈಯುತ್ತಾರೆ ಅಂದುಕೊಂಡೆ. "ಅಲ್ಲ ಕಣೋ, ಗೀಜರ್ ವಿಷಯ ಯಾಕೆ ಬಿಟ್ಟೆ?" ಅಂದರು.